18 ದಿನ ಕಾದ ಉತ್ತರ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ. ನಿವೃತ್ತ ಹೈಸ್ಕೂಲ್ ಮೇಷ್ಟ್ರು, ನಿದ್ದೆಯಿಲ್ಲ, ಮನೆಯವರ ಮೇಲೆ ರೇಗಾಟ. ಮಗಳು ನನ್ನ ಬಳಿ ಸಮಾಲೋಚನೆಗೆ ಕರೆತಂದಿದ್ದರು. ಈ ಸಂಕಟದ ಮೂಲ, ಕನ್ನಡ ವಿಕಿಪೀಡಿಯ. ತಮ್ಮ ಸೀಮೆಯ ಕೆರೆಯ ಬಗ್ಗೆ ಅವರು ಬರೆದ ಲೇಖನಕ್ಕೆ ಅಳಿಸುವಿಕೆಯ ಸೂಚನೆ ಬಿದ್ದಿತ್ತು. ಅವರ ಸದಸ್ಯರ ಚರ್ಚೆಪುಟದಲ್ಲಿ, ಅಂದರೆ ಉಳಿದ ಸದಸ್ಯರು ಅವರಿಗೆ ಸಂದೇಶ ಬರೆಯುವ ಪುಟದಲ್ಲಿ, ಇನ್ನೊಬ್ಬ ಸದಸ್ಯರು ಹಾಕಿದ ಕೃತಿಸ್ವಾಮ್ಯದ ಎಚ್ಚರಿಕೆ: ಬೇರೆಯವರ ಬರಹ ನಕಲು ಮಾಡಿದ್ದೀರಿ ಎಂದು. ಇಂಥ ದೂರು ಮತ್ತೆ ಮತ್ತೆ ಬರುವುದರಿಂದ ಬರೆಯುತ್ತಿದ್ದೇನೆ.

ಎರಡನೇ ಭೇಟಿಗೆ ಆ ಪುಟದ ಪ್ರಿಂಟ್ ತಂದರು. "ಊರಿಗೆಲ್ಲ ಕಾಣೋ ಹಾಗೆ ಕಳ್ಳ ಅಂದಿದ್ದಾರೆ ಮೇಡಂ. ಉತ್ತರ ಬರೆದು 18 ದಿನ ಆಯ್ತು. ಆ ಮನುಷ್ಯನಿಗೆ ಮಾತಾಡೋ ಸೌಜನ್ಯವೂ ಇಲ್ಲ."

"ಎಲ್ಲಿ ಬರೆದ್ರಿ ಸಾರ್?"

"ನನ್ನ ಪುಟದಲ್ಲೇ, ಅವರ ಮಾತಿನ ಕೆಳಗೆ."

"ಬರೆದಿದ್ದೀರಿ ಅಂತ ಅವರಿಗೆ ಗೊತ್ತಾಗೋದು ಹೇಗೆ?"

ಮೇಷ್ಟ್ರು ಹಾಳೆ ತಿರುವಿದರು. ಅವರ ಪ್ಯಾರಾದ ಕೆಳಗೆ ಹೆಸರಿಲ್ಲ, ತಾರೀಕಿಲ್ಲ. ಒಬ್ಬರ ಚರ್ಚೆಪುಟದಲ್ಲಿ ಬರೆದರೆ ತಾನಾಗಿ ಗಂಟೆ ಬಾರಿಸುವುದು, ಅಂದರೆ ವಿಕಿಪೀಡಿಯದ ಸೂಚನೆ ಹೋಗುವುದು, ಆ ಪುಟದ ಒಡೆಯರಿಗೆ. ನಮ್ಮ ಪುಟದಲ್ಲಿ ನಾವೇ ಬರೆದ ಉತ್ತರ, ಎದುರಿನವರು ನಮ್ಮ ಪುಟವನ್ನು ವೀಕ್ಷಣಾಪಟ್ಟಿಯಲ್ಲಿ (ಬದಲಾವಣೆ ಗಮನಿಸಲು ಇಟ್ಟುಕೊಳ್ಳುವ ಪಟ್ಟಿ) ಇಟ್ಟುಕೊಂಡಿರದಿದ್ದರೆ, ಆ ಚರ್ಚೆಗೆ ಚಂದಾದಾರರೂ ಆಗಿರದಿದ್ದರೆ, ಅಲ್ಲೇ ಬಿದ್ದಿರುತ್ತದೆ. ಅವರ ಸದಸ್ಯನಾಮಕ್ಕೆ ಕೊಂಡಿ ಕೊಡಬೇಕು. ಅದೇ ಸಲ ಉಳಿಸುವಾಗ (ಸೇವ್) ನಾಲ್ಕು ಟಿಲ್ಡೆಯ (~~~~) ಸಹಿಯೂ ಇರಬೇಕು; ಹೆಸರು, ತಾರೀಕು ಬರುವುದು ಅದರಿಂದಲೇ. ಮರೆತ ಹೆಸರನ್ನು ಆಮೇಲೆ ತುರುಕಿ ಸಹಿಯಿಲ್ಲದೆ ಉಳಿಸಿದರೆ ಗಂಟೆ ಬಾರಿಸುವುದಿಲ್ಲ.

ಆಮೇಲೆ ಎಚ್ಚರಿಕೆಯನ್ನು ಜೋರಾಗಿ ಓದಿಸಿದೆ. ಮೊದಲ ಐದು ಸಾಲು ಎಲ್ಲರಿಗೂ ಅಂಟಿಸುವ ಸಿದ್ಧ ಟೆಂಪ್ಲೇಟು. ಕೊನೆಯದೊಂದೇ ಕೈಯಾರೆ ಬರೆದದ್ದು: "ಸ್ವಂತ ವಾಕ್ಯಗಳಲ್ಲಿ ಬರೆದು ಆಕರ ಕೊಟ್ಟರೆ ಲೇಖನ ಉಳಿಯುತ್ತದೆ." 18 ದಿನದಲ್ಲಿ ಮೇಷ್ಟ್ರು ಆ ಸಾಲಿನವರೆಗೆ ಬಂದೇ ಇರಲಿಲ್ಲ.

ಸಲಹೆ ಕೊಟ್ಟದ್ದು ಹೀಗೆ. ಎಚ್ಚರಿಕೆ ಹಾಕಿದವರ ಚರ್ಚೆಪುಟಕ್ಕೆ ಹೋಗಿ ಹೊಸ ವಿಷಯ ತೆರೆಯಿರಿ. ತಲೆಬರಹ ಲೇಖನದ ಹೆಸರು, 'ಅನ್ಯಾಯ' ಅಂತಲ್ಲ. ಲೇಖನದ ಬದಲಾವಣೆಗಳೆಲ್ಲ ದಾಖಲಾಗುವ ಇತಿಹಾಸದ ಪುಟದಿಂದ, ಅಳಿಸುವಿಕೆಯ ಸೂಚನೆ ಹಾಕಿದ ಬದಲಾವಣೆಯ ಕೊಂಡಿ ಅಂಟಿಸಿ, ಯಾವ ಪ್ಯಾರಾ ನಕಲು ಎನಿಸಿತು ಎಂಬ ಒಂದೇ ಪ್ರಶ್ನೆ ಕೇಳಿ, ಸಹಿ ಹಾಕಿ. ರಾತ್ರಿ ಬರೆದದ್ದನ್ನು ಬೆಳಿಗ್ಗೆ ಓದಿ ಉಳಿಸಿ. ಕೆರೆಯ ವಿಷಯದ ವಾದ ಲೇಖನದ ಚರ್ಚೆಪುಟಕ್ಕೆ, ನಿಯಮವೇ ಸರಿಯಿಲ್ಲ ಅನ್ನಿಸಿದರೆ ಅರಳಿ ಕಟ್ಟೆಗೆ, ಅಂದರೆ ಎಲ್ಲ ಸದಸ್ಯರೂ ಸೇರಿ ಚರ್ಚಿಸುವ ಪುಟಕ್ಕೆ. ಎಚ್ಚರಿಕೆಯನ್ನು ಅಳಿಸಿ ಪುಟ ಖಾಲಿ ಮಾಡಬೇಡಿ: ಅಳಿಸಿದ್ದು ಇತಿಹಾಸದಲ್ಲಿ ಗಂಟೆ ನಿಮಿಷದ ಸಮೇತ ಉಳಿಯುತ್ತದೆ, ನೋಡಿದವರಿಗೆ ಮುಚ್ಚಿಡಲು ಹೊರಟಂತೆ ಕಾಣುತ್ತದೆ.

ನೋವು ಹೇಳಿಕೊಳ್ಳಲು ಬಂದವರಿಗೆ ಟೈಪಿಂಗ್ ಪಾಠ ಮಾಡಿದಿರಿ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಇರಬಹುದು. ಹತ್ತಾರು ವರ್ಷ ಕೆಂಪು ಶಾಯಿ ಹಿಡಿದವರ ಬರಹಕ್ಕೇ ಕೆಂಪು ಶಾಯಿ ಬಿದ್ದ ಸಂಕಟದ ಬಗ್ಗೆಯೂ ಮಾತಾಡಿದೆವು. ಆದರೆ ತಲುಪದ ಪತ್ರಕ್ಕೆ ಉತ್ತರ ಕಾಯುತ್ತಿರುವವರಿಗೆ ಮೊದಲು ಹೇಳಬೇಕಾದ್ದು ಅದು ತಲುಪಿಲ್ಲ ಎಂಬುದನ್ನೇ. ಎಚ್ಚರಿಕೆ ಹಾಕಿದವರ ನಂಬರ್ ಹುಡುಕಿ ಫೋನ್ ಮಾಡಿಬಿಡೋಣ ಎಂದ ಮಗಳನ್ನೂ ತಡೆದೆ. ಫೋನಿನಲ್ಲಿ ರಾಜಿಯಾದದ್ದು ಇಬ್ಬರಿಗೇ ಗೊತ್ತು. ನಾಳೆ ಮೂರನೆಯವರು ಬಂದು ಅದೇ ಸೂಚನೆ ಹಾಕಬಹುದು.

ಹೊರಡುವಾಗ ಮೇಷ್ಟ್ರು ಕೇಳಿದರು: "ಆ ಟಿಲ್ಡೆ ಎಲ್ಲಿರುತ್ತೆ ಮೇಡಂ?"

"ಇಂಗ್ಲಿಷ್ ಕೀಲಿಮಣೆಗೆ ಬದಲಿಸ್ಕೊಳ್ಳಿ ಸಾರ್. ಒಂದರ ಅಂಕಿಯ ಎಡಕ್ಕೆ, ಶಿಫ್ಟ್ ಒತ್ತಿ."

ಪ್ರಿಂಟಿನ ಹಿಂಬದಿಗೆ ಬರೆದುಕೊಂಡರು.