ಗ್ರೌಂಡ್ ಸೀಳಬೇಡಿ: ಆಡಿಯೋ ಇಂಟರ್‌ಫೇಸ್ ಬೋರ್ಡಿನ ಬಗ್ಗೆ ಓದುಗರ ಪ್ರಶ್ನೆಗಳು

ಯಕ್ಷಗಾನ, ತಾಳಮದ್ದಳೆಗಳ ಧ್ವನಿಮುದ್ರಣಕ್ಕೆಂದು, ಮೈಕಿನ ಧ್ವನಿಯನ್ನು ಕಂಪ್ಯೂಟರಿಗೆ ಒಯ್ಯುವ ಸ್ವಂತ ಆಡಿಯೋ ಇಂಟರ್‌ಫೇಸ್ ಕಟ್ಟಲು ಹೊರಟ ಉತ್ತರ ಕನ್ನಡದ ಓದುಗರ ಪ್ರಶ್ನೆಗಳನ್ನು ಈ ಸಲ ಒಟ್ಟಿಗೇ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಎರಡು ಪದರದ ಬೋರ್ಡಿನಲ್ಲಿ ಪಿಸಿಎಂ1808 ಎಡಿಸಿ (ಧ್ವನಿಯನ್ನು ಅಂಕಿಗಳಾಗಿಸುವ ಚಿಪ್) ಕೂರಿಸಿ, ಯುಎಸ್‌ಬಿ ಮೂಲಕ ಲ್ಯಾಪ್‌ಟಾಪಿಗೆ ಜೋಡಿಸಿದ್ದೇನೆ. ಕರೆಂಟ್ ವಾಪಸಾಗುವ ತಾಮ್ರದ ಹಾಸನ್ನು ಸೀಳಿ ಅನಲಾಗ್ ಗ್ರೌಂಡ್, ಡಿಜಿಟಲ್ ಗ್ರೌಂಡ್ ಎರಡನ್ನೂ ಬೇರ್ಪಡಿಸಿ ಒಂದೇ ಜಾಗದಲ್ಲಿ ಕೂಡಿಸಿದ್ದೇನೆ. ಆದರೂ ಭಾಗವತರು ಪದ ನಿಲ್ಲಿಸಿದಾಗ ಹಿಂದೆ ಸಣ್ಣಗೆ 'ಕುಂಯ್' ಎನ್ನುತ್ತಿರುತ್ತದೆ. 5 ವೋಲ್ಟ್ ಲೈನಿನಲ್ಲಿ ಗಲಾಟೆ ತಡೆಯುವ ಫೆರೈಟ್ ಬೀಡ್ ಹಾಕಿದರೂ ಹೋಗಲಿಲ್ಲ. – ಓದುಗರು, ಶಿರಸಿ

ಉತ್ತರ: ಮೊದಲು ಆ ಸದ್ದಿನ ಆವರ್ತನ ಎಷ್ಟೆಂದು ನೋಡಿ. ಇನ್‌ಪುಟ್ಟಿಗೆ ಏನನ್ನೂ ಸಿಕ್ಕಿಸದೆ ಒಂದು ನಿಮಿಷ ರೆಕಾರ್ಡ್ ಮಾಡಿ, ಆಡಾಸಿಟಿಯಂಥ ತಂತ್ರಾಂಶದಲ್ಲಿ ಸ್ಪೆಕ್ಟ್ರಮ್ ತೆಗೆಯಿರಿ. 1,000 ಹರ್ಟ್ಸ್ ಅಥವಾ 8,000 ಹರ್ಟ್ಸ್ ಬಳಿ ಚೂಪಾದ ಗೆರೆ ಎದ್ದಿದ್ದರೆ ಅದು ಯುಎಸ್‌ಬಿಯದೇ. ಫುಲ್ ಸ್ಪೀಡ್ ಯುಎಸ್‌ಬಿಯಲ್ಲಿ ಮಿಲಿಸೆಕೆಂಡಿಗೊಮ್ಮೆ, ಹೈ ಸ್ಪೀಡಿನಲ್ಲಿ 125 ಮೈಕ್ರೋಸೆಕೆಂಡಿಗೊಮ್ಮೆ ದತ್ತಾಂಶದ ಕಂತು ಹೊರಡುತ್ತದೆ. ಪ್ರತಿ ಕಂತಿಗೂ 5 ವೋಲ್ಟ್ ಲೈನಿನಿಂದ ಕರೆಂಟ್ ಎಳೆಯುವುದರಿಂದ ಅದೇ ತಾಳ ಸದ್ದಾಗಿ ಬರುತ್ತದೆ.

ಬೀಡ್ ಇಲ್ಲಿ ಏಕೆ ಸೋತಿತು? ಅದರ ಶಕ್ತಿ ಇರುವುದು ಹತ್ತಾರು ಮೆಗಾಹರ್ಟ್ಸ್ ಮೇಲೆ. ಒಂದು ಕಿಲೋಹರ್ಟ್ಸಿಗೆ ಅದು ಬರಿಯ ತಂತಿಯ ತುಂಡು. ಅದರ ಬದಲು ಎಡಿಸಿಯ 5 ವೋಲ್ಟ್ ಪಿನ್ನಿಗೆ ಹೋಗುವ ದಾರಿಯಲ್ಲಿ 10 ಓಮ್ ರೆಸಿಸ್ಟರ್ ಹಾಕಿ, ಅದರಾಚೆ ಗ್ರೌಂಡಿಗೆ 220 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್ ಮತ್ತು 100 ನ್ಯಾನೋಫ್ಯಾರಡ್ ಸಿರಾಮಿಕ್ ಕೆಪಾಸಿಟರ್ ಕೊಡಿ. ಈ ಜೋಡಿ 72 ಹರ್ಟ್ಸಿನಿಂದಲೇ ಕಡಿಯಲು ಶುರುಮಾಡುತ್ತದೆ. 1 ಕಿಲೋಹರ್ಟ್ಸಿನ ಕೊಳೆ ಹತ್ತರಲ್ಲೊಂದು ಪಾಲಿಗಿಂತ ಕೆಳಗಿಳಿಯುತ್ತದೆ. ಆ ಪಿನ್ ಎಳೆಯುವುದು ಸುಮಾರು 10 ಮಿಲಿಆಂಪ್ ಆದ್ದರಿಂದ 0.1 ವೋಲ್ಟ್ ಮಾತ್ರ ನಷ್ಟ. ಚಿಪ್ಪಿಗೆ ಕನಿಷ್ಠ 4.5 ವೋಲ್ಟ್ ಬೇಕು. ಉದ್ದದ ಅಗ್ಗದ ಯುಎಸ್‌ಬಿ ಕೇಬಲ್ ಆದರೆ ಮೀಟರಿನಲ್ಲಿ ಒಮ್ಮೆ ಅಳೆಯಿರಿ. ಚಿಪ್ಪಿನ ಅಳತೆಗೆ ಆಧಾರವಾದ ವೋಲ್ಟೇಜ್ ಇರುವ ವಿರೆಫ್ ಪಿನ್ನಿನ ಪಕ್ಕದಲ್ಲೇ 10 ಮೈಕ್ರೋಫ್ಯಾರಡ್ ಮತ್ತು 100 ನ್ಯಾನೋಫ್ಯಾರಡ್ ಇರಲೇಬೇಕು. 5 ವೋಲ್ಟಿನ ಕೊಳೆ ಒಳಗೆ ನುಗ್ಗುವ ಬಾಗಿಲುಗಳಲ್ಲಿ ಅದೂ ಒಂದು.

ಈಗ ನೀವು ಬೇರ್ಪಡಿಸಿದ ಗ್ರೌಂಡಿನ ವಿಷಯ. ಚಿಪ್ಪಿನ ಕಾಲುಗಳಿಗೆ ಎಜಿಎನ್‌ಡಿ, ಡಿಜಿಎನ್‌ಡಿ ಎಂದು ಎರಡು ಹೆಸರಿರುವುದು ಚಿಪ್ಪಿನ ಒಳಗಿನ ವ್ಯವಸ್ಥೆಯನ್ನು ಹೇಳಲು, ಬೋರ್ಡಿನ ತಾಮ್ರವನ್ನು ಕತ್ತರಿಸಿ ಎನ್ನಲು ಅಲ್ಲ. ಟ್ರ್ಯಾಕಿನಲ್ಲಿ ಹೋದ ಕರೆಂಟ್ ವಾಪಸು ಬರಲೇಬೇಕು. ವೇಗದ ಸಿಗ್ನಲ್ ಆದರೆ ಅದು ಅದೇ ಟ್ರ್ಯಾಕಿನ ನೇರ ಕೆಳಗೆ, ಗ್ರೌಂಡ್ ಪ್ಲೇನಿನಲ್ಲಿ ವಾಪಸಾಗುತ್ತದೆ. ಅಲ್ಲಿ ಸೀಳಿದ್ದರೆ? ಅಡಿಕೆ ತೋಟದ ಬಸಿಗಾಲುವೆಗೆ ಅಡ್ಡ ಮಣ್ಣು ಕುಸಿದಾಗ ನೀರು ಏನು ಮಾಡುತ್ತದೋ ಅದನ್ನೇ ಮಾಡುತ್ತದೆ: ಸುತ್ತಿ ಬಳಸಿ, ಹೋಗಬಾರದ ಕಡೆಯೆಲ್ಲ ಹರಿದು ಬರುತ್ತದೆ. ಆ ಸುತ್ತು ದೊಡ್ಡದಾದಷ್ಟೂ ಕ್ಲಾಕಿನ ಗಲಾಟೆ ಅನಲಾಗ್ ಭಾಗಕ್ಕೆ ಅಂಟುತ್ತದೆ.

ಹೊಸ ಬೋರ್ಡಿನಲ್ಲಿ ಕೆಳಪದರವನ್ನು ಪೂರ್ತಿ ಒಂದೇ ಗ್ರೌಂಡ್ ಆಗಿ ಬಿಡಿ. ಬೇರ್ಪಡಿಸಬೇಕಾದದ್ದು ಭಾಗಗಳನ್ನು, ತಾಮ್ರವನ್ನಲ್ಲ. ಒಂದು ತುದಿಗೆ ಯುಎಸ್‌ಬಿ ಮತ್ತು ವಿದ್ಯುತ್, ನಡುವೆ ಎಡಿಸಿ, ಇನ್ನೊಂದು ತುದಿಗೆ ಆಡಿಯೋ ಜ್ಯಾಕ್. ಹೀಗಿಟ್ಟರೆ ಡಿಜಿಟಲ್ ಕರೆಂಟಿಗೆ ಅನಲಾಗ್ ಭಾಗದ ಕಡೆ ಹೋಗುವ ಕಾರಣವೇ ಇರುವುದಿಲ್ಲ. ಕೆಳಪದರದಲ್ಲಿ ಟ್ರ್ಯಾಕ್ ಹಾಯಿಸಲೇಬೇಕಾದರೆ ಸೆಂಟಿಮೀಟರ್ ಮೀರದಂತೆ ಒಂದು ಜಿಗಿತ, ಅಷ್ಟೇ. ಈಗಿರುವ ಬೋರ್ಡನ್ನು ಎಸೆಯಬೇಡಿ. ಸೀಳಿನ ಮೇಲೆ ಟ್ರ್ಯಾಕ್ ದಾಟುವ ಪ್ರತಿ ಜಾಗದ ಪಕ್ಕದಲ್ಲಿ ಹಸಿರು ಲೇಪ ಕೆರೆದು, ದಪ್ಪ ತಾಮ್ರದ ತಂತಿಯಿಂದ ಎರಡೂ ಬದಿಗೆ ಸೇತುವೆ ಬೆಸೆಯಿರಿ.

ಪ್ರಶ್ನೆ: ರಾಸ್ಪ್‌ಬೆರಿ ಪೈಗೆ ಇದೇ ಎಡಿಸಿ ಜೋಡಿಸಿದ್ದೇನೆ. ಬಿಸಿಕೆ (ಬಿಟ್‌ಗಳ ತಾಳ ಹಿಡಿಯುವ ಕ್ಲಾಕ್), ಎಲ್‌ಆರ್‌ಸಿಕೆ (ಎಡ-ಬಲ ಚಾನೆಲ್ ಗುರುತಿಸುವ ಕ್ಲಾಕ್) ಎರಡನ್ನೂ ಪೈ ಕೊಡುತ್ತಿದೆ; ಆ ಲೈನುಗಳಲ್ಲಿ ಪೈ ಬಳಿ 33 ಓಮ್ ರೆಸಿಸ್ಟರ್ ಇದೆ. ಸಿಸ್ಟಮ್ ಕ್ಲಾಕಿಗೆ ಬೇರೆ ಆಸಿಲೇಟರ್ (ಕ್ಲಾಕ್ ಹುಟ್ಟಿಸುವ ಬಿಡಿಭಾಗ) ಇಟ್ಟಿದ್ದೇನೆ. ಧ್ವನಿ ಬರುತ್ತದೆ, ನಡುನಡುವೆ ಟಿಕ್ ಎಂದು ಕಡಿದುಹೋಗುತ್ತದೆ. – ಓದುಗರು, ಹೊನ್ನಾವರ

ಉತ್ತರ: ನಿಮ್ಮ ಬೋರ್ಡಿನಲ್ಲಿ ಎರಡು ಗಡಿಯಾರಗಳಿವೆ, ಅವು ಒಂದಕ್ಕೊಂದು ಹೊಂದಿಕೊಂಡಿಲ್ಲ. ಪಿಸಿಎಂ1808ಕ್ಕೆ ಮೂರೂ ಕ್ಲಾಕ್‌ಗಳು ಒಂದೇ ಮೂಲದಿಂದ ಬರಬೇಕು. ಅವು ಜಾರಿದೊಡನೆ ಚಿಪ್ ತಾನಾಗಿಯೇ ಮೌನವಾಗಿ ಮತ್ತೆ ಹೊಂದಿಸಿಕೊಳ್ಳುತ್ತದೆ. ನೀವು ಕೇಳುವ ಟಿಕ್ ಅದೇ.

ಯಜಮಾನಿಕೆಯನ್ನು ಎಡಿಸಿಗೆ ಕೊಡಿ. 3.3 ವೋಲ್ಟಿನ 12.288 ಮೆಗಾಹರ್ಟ್ಸ್ ಆಸಿಲೇಟರ್ ಇಡಿ. ಇದು ಸೆಕೆಂಡಿಗೆ ತೆಗೆಯುವ 48,000 ಮಾದರಿಗಳ 256 ಪಟ್ಟು. ಎಡಿಸಿಯ ಎಂಡಿ0, ಎಂಡಿ1 ಪಿನ್‌ಗಳೆರಡನ್ನೂ 3.3 ವೋಲ್ಟಿಗೆ ಕಟ್ಟಿ, ಎಫ್‌ಎಂಟಿ ಪಿನ್ನನ್ನು ಗ್ರೌಂಡಿಗೆ. ಆಗ ಎಡಿಸಿಯೇ 48 ಕಿಲೋಹರ್ಟ್ಸ್ ಎಲ್‌ಆರ್‌ಸಿಕೆ, 3.072 ಮೆಗಾಹರ್ಟ್ಸ್ ಬಿಸಿಕೆ ಹೊರಡಿಸುತ್ತದೆ. ಪೈಯಲ್ಲಿ ಬಿಸಿಕೆ 12ನೇ ಪಿನ್ನಿಗೆ, ಎಲ್‌ಆರ್‌ಸಿಕೆ 35ಕ್ಕೆ, ಡೇಟಾ 38ಕ್ಕೆ. ಪೈಯ ಡ್ರೈವರಿನಲ್ಲೂ ಕ್ಲಾಕ್ ಹೊರಗಿನಿಂದ ಬರುತ್ತದೆ ಎಂದು ಬದಲಿಸುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಎರಡು ಔಟ್‌ಪುಟ್‌ಗಳು ಒಂದೇ ತಂತಿಯ ಮೇಲೆ ಜಗ್ಗಾಡುತ್ತವೆ.

ಒಂದು ಸೂಕ್ಷ್ಮವಿದೆ. ಕ್ಲಾಕ್ ಲೈನಿನ 33 ಓಮ್ ರೆಸಿಸ್ಟರ್ ಸಿಗ್ನಲ್ ಹುಟ್ಟುವ ತುದಿಯಲ್ಲಿ ಇರಬೇಕು. ಮೊದಲು ಅದು ಪೈ ಬಳಿ ಇತ್ತು. ಈಗ ಯಜಮಾನ ಬದಲಾದ್ದರಿಂದ ಅದೂ ಎಡಿಸಿಯ ಬಳಿಗೆ ಬರಬೇಕು. ಅಂಕಿಗಳನ್ನು ಮತ್ತೆ ಧ್ವನಿಯಾಗಿಸುವ ಡಿಎಸಿ ಕೂಡ ಬೇಕಿದ್ದರೆ ಪಿಸಿಎಂ5102ಎ ಹಾಕಿ ಇದೇ ಎರಡು ಕ್ಲಾಕ್ ಕೊಟ್ಟರೆ ಸಾಕು. ಅದರ ಎಸ್‌ಸಿಕೆ ಪಿನ್ನನ್ನು ಗ್ರೌಂಡಿಗೆ ಕಟ್ಟಿದರೆ ಉಳಿದದ್ದನ್ನು ಒಳಗೇ ತಯಾರಿಸಿಕೊಳ್ಳುತ್ತದೆ.

ಪ್ರಶ್ನೆ: ಮಿಕ್ಸರಿನಿಂದ ನೇರ ತೆಗೆದುಕೊಂಡರೆ ಚಂಡೆಯ ಪೆಟ್ಟು ಒಡೆದು ಕೇಳುತ್ತದೆ. – ಓದುಗರು, ಕುಮಟಾ

ಉತ್ತರ: ಪಿಸಿಎಂ1808 ಗರಿಷ್ಠ 3 ವೋಲ್ಟ್ ಪೀಕ್-ಟು-ಪೀಕ್ (ಅಲೆಯ ಮೇಲ್ತುದಿಯಿಂದ ಕೆಳತುದಿಗೆ) ತಾಳುತ್ತದೆ. ಮಿಕ್ಸರ್‌ಗಳು ಜೋರಾದಾಗ ಅದೇ ಅಳತೆಯಲ್ಲಿ 22 ವೋಲ್ಟ್‌ವರೆಗೆ ಎಸೆಯಬಲ್ಲವು. ಸಿಗ್ನಲ್ ದಾರಿಯಲ್ಲಿ 10 ಕಿಲೋ ಓಮ್, ಅದರಾಚೆ ಗ್ರೌಂಡಿಗೆ 1.5 ಕಿಲೋ ಓಮ್ ಹಾಕಿದರೆ 22 ವೋಲ್ಟ್ ಸುಮಾರು 2.8ಕ್ಕೆ ಇಳಿಯುತ್ತದೆ. ಆ ಕೂಡುಜಾಗದಿಂದ ಗ್ರೌಂಡಿಗೆ 1 ನ್ಯಾನೋಫ್ಯಾರಡ್ ಸಿ0ಜಿ ಬಗೆಯ ಸಿರಾಮಿಕ್ ಕೆಪಾಸಿಟರ್, ಚಿಪ್ಪಿನ ಕಡೆಗೆ 1 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್, ಪ್ಲಸ್ ತುದಿ ಚಿಪ್ಪಿಗೆ. ಚಿಪ್ಪಿನ ಕಡೆಯ ಈ ಜಾಗಕ್ಕೆ ಎಕ್ಸ್7ಆರ್ ಬಗೆಯ ಸಿರಾಮಿಕ್ ಬೇಡ: ಮಂದ್ರದಲ್ಲಿ ಧ್ವನಿ ಕೆಡಿಸುವುದಲ್ಲದೆ, ಅದು ಅದುರಿದರೆ ತಾನೇ ವೋಲ್ಟೇಜ್ ಹುಟ್ಟಿಸುತ್ತದೆ. ರಂಗಸ್ಥಳದ ಪಕ್ಕದಲ್ಲಿ ಇಡುವ ಪೆಟ್ಟಿಗೆಗೆ ಇದು ಸಣ್ಣ ವಿಷಯವಲ್ಲ.

ಪ್ರಶ್ನೆ: ಬೇಸಿಗೆಯಲ್ಲಿ ಚೆನ್ನಾಗಿದ್ದ ಬೋರ್ಡು ಮಳೆಗಾಲದಲ್ಲಿ ಚರಚರ ಎನ್ನುತ್ತದೆ. – ಓದುಗರು, ಕಾರವಾರ

ಉತ್ತರ: ಬೆಸುಗೆಯ ನಂತರ ಉಳಿದ ಫ್ಲಕ್ಸ್ (ಬೆಸುಗೆ ಹಿಡಿಯಲು ನೆರವಾಗುವ ಅಂಟು) ಮತ್ತು ಕಡಲಗಾಳಿಯ ಉಪ್ಪು, ಎರಡೂ ತೇವ ಹೀರಿ ಪಿನ್‌ಗಳ ನಡುವೆ ಕರೆಂಟ್ ಸೋರಿಸುತ್ತವೆ. ಮೈಕ್ ಆಂಪ್ಲಿಫೈಯರಿನ ಹೆಚ್ಚು ಓಮ್ ಇರುವ ಜಾಗಗಳಲ್ಲಿ ಆ ಸೋರಿಕೆಯೇ ಚರಚರ. 99 ಪ್ರತಿಶತದ ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ಹಲ್ಲುಜ್ಜುವ ಬ್ರಷ್‌ನಿಂದ ಎರಡು ಸಲ ತೊಳೆಯಿರಿ. ಎರಡನೆಯ ಸಲ ಹೊಸ ದ್ರವ ಬಳಸಿ, ಇಲ್ಲದಿದ್ದರೆ ಕರಗಿದ ಕೊಳೆ ಬೋರ್ಡಿನ ತುಂಬ ತೆಳ್ಳಗೆ ಹರಡುತ್ತದೆ. 60 ಡಿಗ್ರಿ ಶಾಖದಲ್ಲಿ ಒಂದೆರಡು ತಾಸು ಒಣಗಿಸಿ, ಜ್ಯಾಕ್, ಸ್ವಿಚ್, ವಾಲ್ಯೂಮ್ ಪಾಟ್‌ಗಳಿಗೆ ಟೇಪ್ ಸುತ್ತಿ, ನಂತರ ಅಕ್ರಿಲಿಕ್ ಲೇಪ ಸಿಂಪಡಿಸಿ. ತೊಳೆಯದೆ ಲೇಪಿಸಿದರೆ ಉಪ್ಪನ್ನು ಒಳಗೇ ಮುಚ್ಚಿಟ್ಟಂತೆ. ಮುಂದಿನ ಬೋರ್ಡಿಗೆ ಚಿನ್ನದ ಲೇಪ, ಅಂದರೆ ಎನಿಗ್, ಕೇಳಿ ಮಾಡಿಸಿ.

ಪ್ರಶ್ನೆ: ಬೋರ್ಡನ್ನು ಮನೆಯಲ್ಲೇ ಫೆರಿಕ್ ಕ್ಲೋರೈಡಿನಲ್ಲಿ ಮಾಡಿಕೊಳ್ಳಬಹುದೆ? – ಓದುಗರು, ಯಲ್ಲಾಪುರ

ಉತ್ತರ: ಇದಕ್ಕೆ ಬೇಡ. ಈ ಚಿಪ್‌ಗಳ ಕಾಲುಗಳ ಅಂತರ 0.65 ಮಿಲಿಮೀಟರ್. ಕಾಲುಗಳನ್ನು ಹೇಗೋ ಬಿಡಿಸಿದರೂ, ಎರಡೂ ಬದಿಯ ಗ್ರೌಂಡ್ ಹೊಲಿಯಲು ಹತ್ತಾರು ರಂಧ್ರಗಳಲ್ಲಿ ಒಂದೊಂದಕ್ಕೂ ತಂತಿ ತೂರಿಸಿ ಬೆಸೆಯಬೇಕಾಗುತ್ತದೆ. ಕೀಕ್ಯಾಡ್ (KiCad) ತಂತ್ರಾಂಶದಲ್ಲಿ ಬಿಡಿಸಿ, ಬೋರ್ಡಿನ ನಕ್ಷೆಯಾದ ಗರ್ಬರ್ ಕಡತವನ್ನು ಬೋರ್ಡ್ ತಯಾರಕರಿಗೆ ಕಳಿಸಿ ಮಾಡಿಸುವುದೇ ಒಳ್ಳೆಯದು. ಕಳಿಸುವ ಮೊದಲು ವಿನ್ಯಾಸವನ್ನು ಕಾಗದದ ಮೇಲೆ ನಿಜ ಅಳತೆಯಲ್ಲಿ ಮುದ್ರಿಸಿ, ಚಿಪ್ಪು, ಜ್ಯಾಕುಗಳನ್ನು ಅದರ ಮೇಲಿಟ್ಟು ನೋಡಿ. ತಿರುಗಿಸಿ ಬರೆದ ಜ್ಯಾಕ್ ಅಲ್ಲೇ ಸಿಕ್ಕಿಬೀಳುತ್ತದೆ.

ಆಗಲೇ ಬಳಸಿದ ಫೆರಿಕ್ ಕ್ಲೋರೈಡ್ ಇದ್ದರೆ ಹಳ್ಳಕ್ಕಾಗಲಿ ತೋಟಕ್ಕಾಗಲಿ ಚೆಲ್ಲಬೇಡಿ. ಅದರಲ್ಲಿ ಕರಗಿರುವುದು ತಾಮ್ರ; ಮೀನಿಗೆ ವಿಷ. ಪ್ಲಾಸ್ಟಿಕ್ ಬಕೆಟಿನಲ್ಲಿ ವಾಷಿಂಗ್ ಸೋಡಾವನ್ನು ಚೂರುಚೂರೇ ಬೆರೆಸಿ. ನೊರೆ ಉಕ್ಕುವುದು ನಿಂತ ಮೇಲೆ ತಳಕ್ಕಿಳಿದ ಕೆಸರನ್ನು ಒಣಗಿಸಿ, ಕಟ್ಟಿ, ಅಪಾಯಕಾರಿ ಕಸದ ಜೊತೆ ಕೊಡಿ.