ಓದುಗರ ಪ್ರಶ್ನೆ, ಕಾದಂಬರಿಕಾರ್ತಿಯ ಉತ್ತರ: ಇಕ್ಕೇರಿಗೆ ಹೊರಡುವ ಮೊದಲು

ಕೆಳದಿಯ ಅರಸರು ಇಕ್ಕೇರಿಯಿಂದ ಆಳುತ್ತಿದ್ದಾಗಿನ, ವೆಂಕಟಪ್ಪ ನಾಯಕರ ಕಾಲದ ನನ್ನ ಕಾದಂಬರಿ ಇಲ್ಲಿ ಧಾರಾವಾಹಿಯಾಗಿ ಬಂದ ಮೇಲೆ ಪತ್ರಗಳು ಬರುತ್ತಲೇ ಇವೆ. ಕಥೆ ಬಗ್ಗೆ ಕೇಳಿದವರು ಕಮ್ಮಿ. ‘ಇದೆಲ್ಲ ನಿಮಗೆ ಎಲ್ಲಿ ಸಿಕ್ಕಿತು’ ಅಂತ ಕೇಳಿದವರೇ ಜಾಸ್ತಿ. ಕೆಲವಕ್ಕೆ ಇಲ್ಲಿ ಉತ್ತರ ಕೊಟ್ಟಿದ್ದೇನೆ.

ಪ್ರಶ್ನೆ: ಮೇಡಂ, ಕೆಳದಿ ಚೆನ್ನಮ್ಮನ ಮೇಲೆ ಕಾದಂಬರಿ ಬರೆಯಬೇಕು ಅಂತ ಬಹಳ ಆಸೆ. ಓದುತ್ತಲೇ ಇದ್ದೇನೆ, ಬರೆಯೋಕೆ ಧೈರ್ಯ ಬರುತ್ತಿಲ್ಲ. ಇಕ್ಕೇರಿ ನೋಡಿಕೊಂಡು ಬಂದು ಶುರು ಮಾಡಲಾ? (ದಾವಣಗೆರೆ)

ಬೇಡ. ಮೊದಲು ಬರೆಯಿರಿ, ಆಮೇಲೆ ಹೋಗಿ.

ಅದೂ ಅಲ್ಲದೆ ಚೆನ್ನಮ್ಮನಿಗಾಗಿ ಇಕ್ಕೇರಿಗೆ ಯಾಕೆ? ಅವಳು ಆಳಿದ್ದು 1672ರಿಂದ 1697. ಅಷ್ಟೊತ್ತಿಗೆ ರಾಜಧಾನಿ ಇಕ್ಕೇರಿಯಿಂದ ಬಿದನೂರಿಗೆ, ಅಂದರೆ ಹೊಸನಗರ ತಾಲೂಕಿನ ಈಗಿನ ನಗರಕ್ಕೆ, ಹೋಗಿ ಎಷ್ಟೋ ವರ್ಷ ಆಗಿತ್ತು. ನೀವು ನೋಡಬೇಕಾದ ಕೋಟೆ ಅಲ್ಲಿದೆ.

ಎಲ್ಲರಿಗೂ ಗೊತ್ತಿರುವ ಪ್ರಸಂಗವನ್ನೇ ತಗೊಳ್ಳಿ. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಮೊಗಲರಿಂದ ತಪ್ಪಿಸಿಕೊಂಡು ತಮಿಳುನಾಡಿನ ಜಿಂಜಿ ಕೋಟೆಯ ಕಡೆ ಹೊರಟಿದ್ದಾಗ ಚೆನ್ನಮ್ಮ ಆಶ್ರಯ ಕೊಟ್ಟಳು. ಅದನ್ನು ಇವತ್ತು ರಾತ್ರಿಯೇ ಒಂದು ಪುಟ ಬರೆದು ನೋಡಿ. ಮೂರನೇ ಸಾಲಿಗೇ ಸಿಕ್ಕಿಹಾಕಿಕೊಳ್ಳುತ್ತೀರಿ. ಬಂದವರನ್ನು ಕೂರಿಸಿದ್ದು ಎಲ್ಲಿ? ಕೋಣೆಯಲ್ಲಿ ಎಂಥ ದೀಪ? ಇಬ್ಬರೂ ಮಾತಾಡಿದ್ದು ಯಾವ ಭಾಷೆಯಲ್ಲಿ, ದುಭಾಷಿ ಯಾರು? ಹೊರಗೆ ಮಳೆ ಇತ್ತಾ? ಸಿಕ್ಕಿಬಿದ್ದಲ್ಲೆಲ್ಲ ಒಂದು ಗೆರೆ ಎಳೆದು ಮುಂದೆ ಹೋಗಿ. ಆ ಗೆರೆಗಳೇ ನಿಮ್ಮ ಸಂಶೋಧನೆಯ ಪಟ್ಟಿ. ಪಟ್ಟಿ ಇಲ್ಲದೆ ಓದುತ್ತಾ ಹೋದರೆ ಓದು ಮುಗಿಯೋದೇ ಇಲ್ಲ. ನಾಯಕರ ವಂಶಾವಳಿ ಬಾಯಿಪಾಠ ಬರುವ, ಒಂದು ಅಧ್ಯಾಯವನ್ನೂ ಬರೆಯದ ಗೆಳೆಯರು ನನಗೆ ಬೇಕಾದಷ್ಟು ಜನ ಇದ್ದಾರೆ!

ಪ್ರಶ್ನೆ: ವಿದೇಶಿ ಪ್ರವಾಸಿಗರು ಬರೆದದ್ದನ್ನು ನಂಬಬಹುದಾ? ಅವರಿಗೆ ನಮ್ಮ ಭಾಷೆಯೇ ಬರುತ್ತಿರಲಿಲ್ಲವಲ್ಲ. (ಉಡುಪಿ)

ಕಂಡದ್ದನ್ನು ನಂಬಿ, ಕೇಳಿದ್ದನ್ನು ಸೋಸಿ.

ನನ್ನ ಕಾದಂಬರಿಯ ಬೆನ್ನೆಲುಬು ಪಿಯೆತ್ರೊ ದೆಲ್ಲಾ ವಾಲೆ ಎಂಬ ಇಟಲಿಯವನು. 1623ರಲ್ಲಿ ಗೋವಾದ ಪೋರ್ಚುಗೀಸರ ರಾಯಭಾರಿಯ ಜೊತೆ ಇಕ್ಕೇರಿಗೆ ಬಂದ. ವೆಂಕಟಪ್ಪ ನಾಯಕರ ಕಡೆಯ ರಾಯಭಾರಿ ವಿಠಲ ಶೆಣೈ ಕೂಡ ಜೊತೆಗಿದ್ದ. ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆ, ಅಲ್ಲಿಂದ ಘಟ್ಟ ಹತ್ತಿ ಸಾಗರದ ಮೇಲೆ ಇಕ್ಕೇರಿ. ದಾರಿಯುದ್ದಕ್ಕೂ ನೋಡಿದ್ದನ್ನು ನೇಪಲ್ಸಿನ ಸ್ನೇಹಿತನಿಗೆ ಪತ್ರ ಬರೆದ. ಇಂಗ್ಲಿಷ್ ಅನುವಾದ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ.

ನಮ್ಮ ದೇವರು, ಜಾತಿ, ಆಚಾರ ಅಂತ ಅವನು ವಿವರಿಸಲು ಹೊರಟಲ್ಲಿ ಹುಷಾರಾಗಿರಿ. ಅದೆಲ್ಲ ದುಭಾಷಿಯ ಬಾಯಿಂದ ಬಂದದ್ದು, ಮೇಲೆ ಅವನ ಧರ್ಮದ ಕನ್ನಡಕ ಬೇರೆ. ಆದರೆ ಕಣ್ಣು ಮಾತ್ರ ಎಂಥ ಕಣ್ಣು! ಘಟ್ಟದ ದಾರಿಯಲ್ಲಿ ಒಂದು ಗುಡಿಯ ಮೊಗಸಾಲೆಯಲ್ಲಿ ನಾಲ್ಕು ಹುಡುಗರು ಲೆಕ್ಕ ಕಲಿಯುತ್ತಿದ್ದರು. ಕಾಗದ ಇಲ್ಲ. ನೆಲದ ಮೇಲೆ ಸಣ್ಣ ಮರಳು ಹರಡಿಕೊಂಡು, ಒಬ್ಬ ರಾಗವಾಗಿ ಹೇಳುತ್ತಾ ಬೆರಳಿನಿಂದ ಬರೆಯುತ್ತಾನೆ, ಉಳಿದವರೂ ಹಾಡುತ್ತಾ ಬರೆಯುತ್ತಾರೆ. ಮರಳು ತುಂಬಿಹೋದರೆ ಅಳಿಸಿ, ಬೇಕಾದರೆ ಇನ್ನಷ್ಟು ಉದುರಿಸಿಕೊಂಡು ಮುಂದುವರಿಸುತ್ತಾರೆ. ನಮ್ಮ ಯಾವ ಶಾಸನವೂ ಇದನ್ನು ಹೇಳುವುದಿಲ್ಲ. ದಾನ ಕೊಟ್ಟವರು, ಪಡೆದವರು, ಗಡಿಕಲ್ಲು, ಇದೇ ಶಾಸನದ ಲೋಕ. ಮರಳಿನ ಮೇಲೆ ಮಗ್ಗಿ ಬರೆದ ಹುಡುಗನಿಗೆ ಅಲ್ಲಿ ಜಾಗ ಇಲ್ಲ. ನನಗೆ ಬೇಕಿದ್ದವನು ಅವನೇ.

ಇಕ್ಕೇರಿಯ ಬೀದಿಯಲ್ಲಿ ಸಂಜೆ ಹೆಣ್ಣುಮಕ್ಕಳು ಬಣ್ಣದ ಕೋಲು ಹಿಡಿದು ಕುಣಿಯೋದನ್ನೂ ದೆಲ್ಲಾ ವಾಲೆ ಬರೆದಿದ್ದಾನೆ. ನಮ್ಮ ಕೋಲಾಟ, ಅಲ್ವಾ? ಸಹಗಮನಕ್ಕೆ ಹೊರಟ ಒಬ್ಬ ತೆಲುಗು ಹೆಂಗಸು ಕೈಯಲ್ಲಿ ಕನ್ನಡಿ, ಇನ್ನೊಂದು ಕೈಯಲ್ಲಿ ನಿಂಬೆಹಣ್ಣು ಹಿಡಿದು ಕುದುರೆ ಮೇಲೆ ಹೋಗುತ್ತಿದ್ದಳು. ಗಂಡ ನಗಾರಿ ಬಾರಿಸುವವನಾಗಿದ್ದ. ದೆಲ್ಲಾ ವಾಲೆ ಅವಳ ಮನೆ ಹುಡುಕಿಕೊಂಡು ಹೋಗಿ ಮಾತಾಡಿಸಿದ, ಬೇಡ ಅಂತ ಹೇಳಿ ನೋಡಿದ. ಆ ಭಾಗ ಓದಿದ ಮೇಲೆ ಒಂದು ವಾರ ನಾನು ಏನೂ ಬರೆಯಲಿಲ್ಲ. ಕಾದಂಬರಿಯಲ್ಲೂ ಅವಳನ್ನು ತಂದಿಲ್ಲ. ಕೈ ಬರಲಿಲ್ಲ, ಅಷ್ಟೇ.

ಪ್ರಶ್ನೆ: ಆಗಿನ ದಾರಿ ಈಗ ಟಾರ್ ರಸ್ತೆ. ಅರಮನೆಯೂ ಇಲ್ಲ. ಹೋಗಿ ನೋಡೋದಾದರೂ ಏನನ್ನು? (ಬೆಂಗಳೂರು)

ದೂರವನ್ನು, ಏರನ್ನು, ಕಾಲವನ್ನು. ‘ಫೀಲ್’ ಸಿಗುತ್ತೆ ಅಂತ ಹೋಗುವವರ ಮೇಲೆ ನನಗೆ ಅಷ್ಟಾಗಿ ನಂಬಿಕೆ ಇಲ್ಲ.

ಗೇರುಸೊಪ್ಪೆ ದಾಟಿ ಸ್ವಲ್ಪ ದೂರವಾದರೂ ಏರು ನಡೆಯಿರಿ, ಬೆನ್ನಿಗೆ ತೂಕದ ಚೀಲ ಹಾಕಿಕೊಂಡು. ಯಾವ ಮಾತು ಏರುವಾಗ ಆಡಲು ಸಾಧ್ಯ, ಯಾವುದಕ್ಕೆ ನಿಲ್ಲಲೇಬೇಕು ಅಂತ ಕಾಲಿಗೆ ಗೊತ್ತಾಗುತ್ತದೆ. ನನ್ನ ಹೊರೆಯಾಳುಗಳ ಸಂಭಾಷಣೆ ಗಿಡ್ಡವಾದದ್ದು ಹಾಗೆ.

ಕಥೆ ನಡೆಯುವ ತಿಂಗಳಲ್ಲೇ ಹೋಗಿ. ದೆಲ್ಲಾ ವಾಲೆ ಬಂದದ್ದು ಅಕ್ಟೋಬರ್–ನವೆಂಬರಿನಲ್ಲಿ. ಮಳೆ ಬಿಟ್ಟಿರುತ್ತದೆ, ಹಳ್ಳಗಳಲ್ಲಿ ನೀರು ಇರುತ್ತದೆ, ಅಡಿಕೆ ಕೊಯ್ಲು ಶುರುವಾಗುವ ಹೊತ್ತು. ಮೇ ತಿಂಗಳಲ್ಲಿ ಹೋಗಿ ಬಂದು ಕಾರ್ತಿಕದ ಘಟ್ಟ ಬರೆದರೆ ಸಾಗರದ ಓದುಗರು ಹಿಡಿದುಬಿಡುತ್ತಾರೆ. ಇನ್ನೊಂದು ಮಾತು: ಮಳೆಗಾಲದಲ್ಲಿ ಕರಾವಳಿಯ ಬಂದರುಗಳಿಗೆ ಹಾಯಿ ಹಡಗು ಬರುತ್ತಿರಲಿಲ್ಲ. ಆಷಾಢದಲ್ಲಿ ನಿಮ್ಮ ನಾಯಕ ಹೊನ್ನಾವರದಲ್ಲಿ ಹಡಗಿನಿಂದ ಇಳಿದರೆ ಕಥೆ ಅಲ್ಲೇ ಮುಳುಗಿತು.

ಇಕ್ಕೇರಿಯಲ್ಲಿ ಅಘೋರೇಶ್ವರ ದೇವಸ್ಥಾನ, ಅದರೆದುರಿನ ದೊಡ್ಡ ನಂದಿ ಉಳಿದಿವೆ. ನೋಡಿ. ಆಮೇಲೆ ದೇವಸ್ಥಾನದ ಕಡೆ ಬೆನ್ನು ಮಾಡಿ ಒಂದು ಗಂಟೆ ಕೂತುಕೊಳ್ಳಿ. ಊರು ಇದ್ದದ್ದು ಆ ಕಡೆ. ಊರಿನ ಸುತ್ತ ಕಲ್ಲಿನ ಗೋಡೆಯ ಬದಲು ಎತ್ತರದ ಬಿದಿರುಮೆಳೆಯೇ ಕಾವಲಾಗಿತ್ತು ಅಂತ ಇಟಲಿಯವನು ಬರೆದಿದ್ದಾನೆ. ನಮ್ಮ ಸಿನಿಮಾ ಕೋಟೆಗಳು ತಲೆಯಿಂದ ಇಳಿಯೋಕೆ ಆ ಒಂದು ಗಂಟೆ ಬೇಕು.

ಪ್ರಶ್ನೆ: ತಿರುಗಾಡೋಕೆ ದುಡ್ಡಿಲ್ಲ, ಮನೆ ಬಿಟ್ಟು ಹೋಗುವ ಹಾಗೂ ಇಲ್ಲ. ಏನು ಮಾಡಲಿ? (ಕುಮಟಾ)

ಮನೆಯಲ್ಲೇ ಬೇಕಾದಷ್ಟಿದೆ. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕ’ದ 8ನೇ ಸಂಪುಟ ಇಳಿಸಿಕೊಳ್ಳಿ. ಸೊರಬ, ಸಾಗರ, ನಗರ, ತೀರ್ಥಹಳ್ಳಿಯ ಶಾಸನಗಳೆಲ್ಲ ಅದರಲ್ಲಿವೆ. ಲಿಂಗಣ್ಣ ಕವಿಯ ‘ಕೆಳದಿನೃಪವಿಜಯಂ’ ಓದಿ. ಹೊಗಳಿಕೆ ಕಳೆದರೂ ಹೆಸರು, ಊರು, ಘಟನೆ ಸಿಗುತ್ತವೆ. 1800–01ರಲ್ಲಿ ಈ ಸೀಮೆ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಬುಕಾನನ್ ಬರೆದದ್ದು ಕಾಲಕ್ಕೆ ತಡವಾದರೂ ಬೆಳೆ, ತೋಟ, ಬೆಲೆಗಳ ಖಜಾನೆ. ಮತ್ತೆ ನೀವು ಕುಮಟಾದವರು. ಪಕ್ಕದಲ್ಲೇ ಹೊನ್ನಾವರ, ಶರಾವತಿ. ಬಸ್ ಚಾರ್ಜಿಗೇನೂ ತೊಂದರೆ ಇಲ್ಲವಲ್ಲ?

ಪ್ರಶ್ನೆ: ಹಳೇ ದಾಖಲೆಯಲ್ಲಿ ಸಂವತ್ಸರದ ಹೆಸರು ಮಾತ್ರ ಇದ್ದರೆ ಇಸವಿ ಹೇಗೆ ತಿಳಿಯೋದು? (ಮೈಸೂರು)

ಶಕವರ್ಷ ಇದ್ದರೆ 78 ಕೂಡಿಸಿ. ಜನವರಿಯಿಂದ ಯುಗಾದಿವರೆಗಿನ ದಿನವಾದರೆ 79. ಸಂವತ್ಸರ ಮಾತ್ರ ಇದ್ದರೆ 60 ವರ್ಷಕ್ಕೊಮ್ಮೆ ಅದೇ ಹೆಸರು ಬರುವುದರಿಂದ ತಕರಾರು. 1623 ರುಧಿರೋದ್ಗಾರಿ. 1683ಕ್ಕೂ ಅದೇ ಹೆಸರು. ಆಗ ಆಳುವವರ ಹೆಸರು ನೋಡಿ. ವೆಂಕಟಪ್ಪ ನಾಯಕ ಅಂತಿದ್ದರೆ ಮೊದಲನೆಯದು, ಚೆನ್ನಮ್ಮಾಜಿ ಅಂತಿದ್ದರೆ ಎರಡನೆಯದು. ತಿಥಿ, ವಾರ ಎರಡೂ ಇದ್ದರೆ ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗದ ಕೋಷ್ಟಕದಲ್ಲಿ ತಾಳೆ ನೋಡಬಹುದು.

ಪ್ರಶ್ನೆ: ನಿಮ್ಮ ಪಾತ್ರಗಳು ಮೆಣಸಿನಕಾಯಿ ತಿನ್ನೋದೇ ಇಲ್ಲವಲ್ಲ, ಯಾಕೆ? (ಹುಬ್ಬಳ್ಳಿ)

ಹುಬ್ಬಳ್ಳಿಯವರಿಗೆ ಬೇಜಾರಾಗೋದು ಸಹಜ! ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ, ಇಲ್ಲಿಗೆ ತಂದವರು ಪೋರ್ಚುಗೀಸರು. ನನ್ನ ಕಥೆ ಕಾಳುಮೆಣಸಿನ ಸೀಮೆಯದು. ಪೋರ್ಚುಗೀಸರು ನಾಯಕರ ಬಾಗಿಲಿಗೆ ಬರುತ್ತಿದ್ದದ್ದೇ ಆ ಕಾಳಿಗೆ. ಖಾರಕ್ಕೆ ಅದೇ ಸಾಕು. ಹುಳಿಗೆ ಉಪ್ಪಾಗೆ, ವಾಟೆ. ಪಲ್ಯಕ್ಕೆ ಕೆಸು, ಕಳಲೆ. ಆಲೂಗಡ್ಡೆ, ಟೊಮ್ಯಾಟೊ ಬೇಡವೇ ಬೇಡ.

ಪ್ರಶ್ನೆ: ಕಡತ ಅಂದರೆ ಫೈಲ್ ತಾನೆ? ನಿಮ್ಮ ಶ್ಯಾನುಭೋಗ ಅದನ್ನು ಒರೆಸಿದ ಅಂತ ಬರೆದಿದ್ದೀರಿ. (ತುಮಕೂರು)

ಆಗಿನ ಕಡತ ಬಟ್ಟೆಯದು. ಹುಣಸೆಬೀಜದ ಅಂಟಿಗೆ ಇದ್ದಲಪುಡಿ ಕಲಸಿ ಬಟ್ಟೆಗೆ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚುತ್ತಿದ್ದರು. ಕಪ್ಪು ಹಲಗೆಯ ಹಾಗೆ ಬಳಪದಲ್ಲಿ ಬರೆಯೋದು, ಬೇಡವಾದರೆ ಒರೆಸೋದು. ಶೃಂಗೇರಿ ಮಠದ ಕಡತಗಳು ಪ್ರಸಿದ್ಧ. ಲೆಕ್ಕ ಒರೆಸಬಹುದು ಅನ್ನುವುದೇ ನನ್ನ ಶ್ಯಾನುಭೋಗನ ಕಥೆಗೆ ದಾರಿ ಮಾಡಿಕೊಟ್ಟದ್ದು.

ಪ್ರಶ್ನೆ: ಇಕ್ಕೇರಿ, ಕೆಳದಿ ಎರಡನ್ನೂ ನೋಡಲು ಎಲ್ಲಿ ಉಳಿದುಕೊಳ್ಳೋದು ಒಳ್ಳೆಯದು? (ಕಲಬುರಗಿ)

ಸಾಗರದಲ್ಲಿ. ಎರಡೂ ಅಲ್ಲಿಂದ ಹತ್ತು ಕಿಲೋಮೀಟರಿನ ಒಳಗೆ. ಕೆಳದಿಯಲ್ಲಿ ರಾಮೇಶ್ವರ ದೇವಸ್ಥಾನದ ಜೊತೆ ಮ್ಯೂಸಿಯಮ್ಮನ್ನೂ ನೋಡಿ, ತಾಳೆಗರಿಗಳಿವೆ. ರಜೆ ಯಾವಾಗ ಅಂತ ಮೊದಲೇ ಕೇಳಿಕೊಳ್ಳಿ. ಮಳೆಗಾಲವಾದರೆ ಉಂಬಳಕ್ಕೆ, ಅಂದರೆ ಜಿಗಣೆಗೆ, ಸುಣ್ಣ, ಹೊಗೆಸೊಪ್ಪು ಇಟ್ಟುಕೊಂಡಿರಿ. ಬಿಳಿ ಪ್ಯಾಂಟು ಬೇಡ.