ಕೋಚ್ ಸರ್ ಹೋದರು, ಪ್ರತಿಮೆ ಮಾಡಿಸೋಣವೇ?

ಪ್ರಶ್ನೆ: ನಾನು ಊರಿನಲ್ಲಿದ್ದಾಗ ಯೂನಿವರ್ಸಿಟಿ ವಾಲಿಬಾಲ್ ಟೀಮಿನಲ್ಲಿ ಆಡಿದವನು. ಈಗ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿದ್ದೇನೆ. ನಮ್ಮ ಕೋಚ್ ಸರ್ ಹೋದ ತಿಂಗಳು ತೀರಿಕೊಂಡರು. ಹಳೆ ಆಟಗಾರರ ವಾಟ್ಸಾಪ್ ಗ್ರೂಪಿನಲ್ಲಿ ಅರ್ಧ ಜನ ಪ್ರತಿಮೆ ಅಂತಾರೆ, ಇನ್ನರ್ಧ ಜನ ಅವರ ಹೆಸರಿನಲ್ಲಿ ಟ್ರೋಫಿ ಅಂತಾರೆ. ಇಲ್ಲಿ ಆಫೀಸಿನಲ್ಲಿ ಹೇಳಿಕೊಂಡರೆ ಎಲ್ಲರೂ ಡೀನ್ ಸ್ಮಿತ್ ಸುದ್ದಿ ತೆಗೆಯುತ್ತಾರೆ. ಅವರು ಹೋದಾಗ ಇಲ್ಲಿನವರು ಏನು ಮಾಡಿದ್ದರು? ನಾವೇನು ಮಾಡಬಹುದು?
— ಒಬ್ಬ ಓದುಗ, ಕ್ಯಾರಿ

ಉತ್ತರ: ನಿಮ್ಮ ಆಫೀಸಿನವರು ಸರಿಯಾದ ಹೆಸರನ್ನೇ ತೆಗೆದಿದ್ದಾರೆ. ಡೀನ್ ಸ್ಮಿತ್ ನಿಮ್ಮ ಪಕ್ಕದ ಚಾಪೆಲ್ ಹಿಲ್ ಯೂನಿವರ್ಸಿಟಿಯಲ್ಲಿ 1961ರಿಂದ 1997ರವರೆಗೆ ಬಾಸ್ಕೆಟ್‌ಬಾಲ್ ಕೋಚ್ ಆಗಿದ್ದರು. 879 ಗೆಲುವು, ಎರಡು ರಾಷ್ಟ್ರೀಯ ಚಾಂಪಿಯನ್‌ಶಿಪ್, ಶಿಷ್ಯರಲ್ಲಿ ಮೈಕಲ್ ಜೋರ್ಡನ್. ಇದೆಲ್ಲ ಗೂಗಲ್‌ನಲ್ಲಿ ಸಿಗುತ್ತೆ ಬಿಡಿ. ಹಳೆ ಆಟಗಾರರ ಹೆಸರಷ್ಟೇ ಅಲ್ಲ, ಅವರ ಮನೆಯವರ ಹೆಸರನ್ನೂ ನೆನಪಿಟ್ಟು ಕೇಳುತ್ತಿದ್ದ ಮನುಷ್ಯ. ಅಂಥವರಿಗೇ ಕೊನೆಗಾಲದಲ್ಲಿ ಮರೆವಿನ ಕಾಯಿಲೆ ಬಂತು. 2015ರ ಫೆಬ್ರವರಿ 7ರಂದು ತೀರಿಕೊಂಡರು, 83 ವರ್ಷ.

ನಮ್ಮಲ್ಲಾದರೆ ವೈಕುಂಠ ಸಮಾರಾಧನೆ ನಡೆಯುವ ಹೊತ್ತಿಗೆ, ಫೆಬ್ರವರಿ 18ರಂದು, ಪಕ್ಕದ ಡ್ಯೂಕ್ ಯೂನಿವರ್ಸಿಟಿ ಜೊತೆ ಅವರ ಹಳೆ ಟೀಮಿನ ಪಂದ್ಯವಿತ್ತು. ಆ ಎರಡು ಟೀಮಿನ ಜಿದ್ದು ಎಂಥದ್ದು ಅಂತ ಅಲ್ಲಿರುವ ನಿಮಗೆ ಗೊತ್ತೇ ಇರುತ್ತೆ. ಆಟಕ್ಕೆ ಮುಂಚೆ ಎರಡೂ ಕಡೆಯ ಆಟಗಾರರು, ಕೋಚ್‌ಗಳು ಅಂಕಣದ ನಡುವೆ ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿ ಮಂಡಿಯೂರಿ ಕೂತರು. ಅದೂ ಡ್ಯೂಕ್‌ನವರ ಅಂಕಣದಲ್ಲೇ.

ಮೂರು ದಿನ ಬಿಟ್ಟು ಚಾಪೆಲ್ ಹಿಲ್‌ನವರಿಗೆ ಜಾರ್ಜಿಯಾ ಟೆಕ್ ಟೀಮಿನ ಜೊತೆ ತಮ್ಮ ಅಂಕಣದಲ್ಲಿ ಪಂದ್ಯ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆ ದಿನದ್ದು. ಸ್ಮಿತ್ ಅವರದ್ದು 'ಫೋರ್ ಕಾರ್ನರ್ಸ್' ಅಂತ ಒಂದು ಹಳೆ ತಂತ್ರ. ನಾಲ್ವರು ನಾಲ್ಕು ಮೂಲೆಗೆ ಹೋಗುತ್ತಾರೆ, ನಡುವೆ ಒಬ್ಬ ಚೆಂಡು ಹಿಡಿದು ಎದುರಾಳಿಯನ್ನು ಸತಾಯಿಸುತ್ತಾನೆ. ಇಷ್ಟು ಸೆಕೆಂಡಿನೊಳಗೆ ಚೆಂಡು ಎಸೆಯಲೇಬೇಕು ಅನ್ನುವ ಗಡಿಯಾರ ಕಾಲೇಜು ಆಟಕ್ಕೆ ಬಂದ ಮೇಲೆ ಅದು ಮೂಲೆ ಸೇರಿತ್ತು. ಆ ದಿನ ಕೋಚ್ ರಾಯ್ ವಿಲಿಯಮ್ಸ್, ಸ್ಮಿತ್ ಅವರ ಕೈಕೆಳಗೇ ಪಳಗಿದವರು, ಮೊದಲ ಸಲ ಚೆಂಡು ಸಿಕ್ಕಿದ ಕೂಡಲೇ ನಾಲ್ಕು ಬೆರಳು ಎತ್ತಿ ತೋರಿಸಿದರು. ಹುಡುಗರು ಅದನ್ನೇ ಆಡಿ ಬಾಸ್ಕೆಟ್ ಹಾಕಿದರು.

ಇನ್ನು ಸ್ಮಿತ್ ಬರೆದಿಟ್ಟಿದ್ದ ವಿಲ್ (ಉಯಿಲು) ವಿಷಯ. ಮಾರ್ಚ್‌ನಲ್ಲಿ ಅವರ ಸುಮಾರು 180 ಹಳೆ ಆಟಗಾರರ ಮನೆಗೆ ಒಂದೊಂದು ಪತ್ರ ಬಂತು, ಒಳಗೆ 200 ಡಾಲರ್ ಚೆಕ್. ಕೋಚ್ ಲೆಕ್ಕದಲ್ಲಿ ಹೊರಗೆ ಹೋಗಿ ಚೆನ್ನಾಗಿ ಊಟ ಮಾಡಿ ಅಂತ. ಆಗಿನ ಲೆಕ್ಕಕ್ಕೆ 12 ಸಾವಿರ ರೂಪಾಯಿ ಚಿಲ್ಲರೆ. ಸ್ಟಾರ್ ಆಗಿದ್ದವರಿಗೂ ಅಷ್ಟೇ, ಬೆಂಚಿನ ಮೇಲೆ ಜಾಸ್ತಿ ಹೊತ್ತು ಕೂತಿದ್ದವರಿಗೂ ಅಷ್ಟೇ. ಅವರ ಪದ್ಧತಿಯೇ ಹಾಗೆ. ಬಾಸ್ಕೆಟ್ ಹಾಕಿದವನು ಪಾಸ್ ಕೊಟ್ಟವನ ಕಡೆ ಬೆರಳು ತೋರಿಸಬೇಕು ಅಂತ ಕಲಿಸಿದ್ದವರು ಅವರೇ. 1986ರಲ್ಲಿ ತೆರೆದ ದೊಡ್ಡ ಕ್ರೀಡಾಂಗಣಕ್ಕೆ ತಮ್ಮ ಹೆಸರಿಡುವುದು ಕೂಡ ಅವರಿಗೆ ಮುಜುಗರ.

ಈಗ ನಿಮ್ಮ ಗ್ರೂಪಿನ ಜಗಳಕ್ಕೆ ಬರೋಣ. ನನ್ನ ಪ್ರಕಾರ ಪ್ರತಿಮೆ ಬೇಡ. ಎರಡು ವರ್ಷ ಹಾರ ಬೀಳುತ್ತೆ, ಆಮೇಲೆ ಕಾಗೆ ಕೂರುತ್ತೆ. ಟ್ರೋಫಿ ಪರವಾಗಿಲ್ಲ, ಆದರೆ ಮೂರನೇ ವರ್ಷ ಓಡಾಡುವವರು ಯಾರು ಅಂತ ಈಗಲೇ ಹೆಸರು ಬರೆಸಿಕೊಳ್ಳಿ. ಅದಕ್ಕಿಂತ ನಿಮ್ಮ ಸರ್ ದಿನಾ ಏನು ಮಾಡುತ್ತಿದ್ದರು ಅಂತ ಗ್ರೂಪಿನಲ್ಲಿ ಕೇಳಿ ನೋಡಿ. ಹುಡುಗರಿಗೆ ಕೈಯಿಂದ ಶೂ ಕೊಡಿಸುತ್ತಿದ್ದರಾ? ಟೂರ್ನಮೆಂಟಿಗೆ ಹೋದಾಗ ಎಲ್ಲರದ್ದೂ ಊಟ ಆಯಿತಾ ಅಂತ ನೋಡಿ ಆಮೇಲೆ ತಾವು ಕೂರುತ್ತಿದ್ದರಾ? ಅದನ್ನೇ ನೀವು ಮುಂದುವರಿಸಿ. ಈ ವರ್ಷ ಅಂತರ ವಿಶ್ವವಿದ್ಯಾಲಯ ಟೂರ್ನಮೆಂಟಿಗೆ ಹೊರಟಿರುವ ಟೀಮಿಗೆ ಏನು ಕೊರತೆಯಿದೆ ಅಂತ ಈಗಿನ ಕೋಚ್‌ಗೆ ಒಂದು ಫೋನ್ ಮಾಡಿದರೆ ಸಾಕು, ಪಟ್ಟಿ ಅವರೇ ಕಳಿಸುತ್ತಾರೆ. ಆದರೆ ಅದಕ್ಕೂ ಮೊದಲು ಸರ್ ಮನೆಯವರನ್ನು ಒಂದು ಮಾತು ಕೇಳಿ. ನೀವು ದೂರದಲ್ಲಿದ್ದೀರಿ, ಗ್ರೂಪಿನಲ್ಲಿ ಊರಲ್ಲೇ ಇರುವವರು ಯಾರಾದರೂ ಇಬ್ಬರು ಖುದ್ದಾಗಿ ಹೋಗಿ ಅಮ್ಮನವರ ಹತ್ತಿರ ಕೂತು ಮಾತಾಡಿಕೊಂಡು ಬರಲಿ.